ಗಾಳಿಯಿಲ್ಲದ ನಾಲ್ಕು ನಿಮಿಷ

"ಅಕ್ಕ ಯಾವತ್ತು ಬರ್ಲಿ ಟೀಚರ್? ಶನಿವಾರಾನಾ, ಭಾನುವಾರಾನಾ?"

ಸೋಮವಾರದ ಕ್ಲಾಸು ಮುಗಿದು ಎಲ್ಲರೂ ಬೆಂಚು ಸರಿಸಿ ಎದ್ದು ಹೊರಟಾಗಿತ್ತು. ಬೋರ್ಡು ಒರೆಸುತ್ತಿದ್ದ ಟೀಚರ್ ತಿರುಗಿ ನೋಡಿದಳು. ಐದನೇ ನಂಬರ್ ಕ್ರೇನಿನ ಆಪರೇಟರ್ ಹೆಲ್ಮೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಮುಖದಲ್ಲಿ ಅನುಮಾನದ ಸುಳಿವೇ ಇರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುವವನ ಹಾಗೆ ಕೇಳಿದ್ದ.

"ಯಾರ ಅಕ್ಕ?"

"ನಮ್ಮಕ್ಕ. ನಿಮ್ಮನೆಗೆ. ಮಾತಾಡೋಕೆ."

"ಏನು ಮಾತಾಡೋಕೆ?"

ಅವನು ನಕ್ಕ. ಟೀಚರ್ ಬೇಕೆಂದೇ ಸತಾಯಿಸುತ್ತಿದ್ದಾಳೆ ಅಂದುಕೊಂಡಿದ್ದ. ಅವಳು ನಗಲಿಲ್ಲ. ಅವಳು ನಗದೇ ಇರುವುದನ್ನು ನೋಡುತ್ತ ನೋಡುತ್ತ ಅವನ ನಗು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ. ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳ ರಾಶಿಯಿಂದ ತನ್ನದನ್ನು ಎಳೆದು, ಹೋದ ವಾರದ ಪುಟ ತೆರೆದು, ಅವಳ ಕಡೆ ತಿರುಗಿಸಿ ಹಿಡಿದ.

ಎಡಗಡೆ ಪುಟದಲ್ಲಿ ಕ್ಲಾಸಿನಲ್ಲಿ ಬರೆಸಿದ ಒಂದು ಪದಜೋಡಿ: ಕೀಪ್ ಎ ಪ್ರಾಮಿಸ್. ಬಲಗಡೆ ಅವನ ಗುಂಡು ಗುಂಡು ಇಂಗ್ಲಿಷಿನಲ್ಲಿ ಹೀಗಿತ್ತು: ಸಂಜೆ ಆರು ಇಪ್ಪತ್ತು. ಅವಳ ವಿಷಯ ಅಕ್ಕನಿಗೆ ಹೇಳಿದೆ. ಅವಳು ಒಪ್ಪಿದರೆ ಮನೆಗೇ ಹೋಗಿ ಕೇಳುತ್ತೇನೆ ಎಂದು ಅಕ್ಕ ಮಾತು ಕೊಟ್ಟಳು. ಅಕ್ಕ ಕೊಟ್ಟ ಮಾತು ಉಳಿಸಿಕೊಳ್ಳುತ್ತಾಳೆ. ಅದರ ಕೆಳಗೆ ಕೆಂಪು ಶಾಯಿಯ ದೊಡ್ಡ ಟಿಕ್ಕು. ಟಿಕ್ಕಿನ ಪಕ್ಕದಲ್ಲಿ ಟೀಚರಮ್ಮನದೇ ಮುದ್ದಾದ ಅಕ್ಷರ: ಗುಡ್. ಕ್ಯಾರಿ ಆನ್.

"ಈ 'ಅವಳು' ನೀವೇ ಅಂತ ನಿಮಗೆ ಗೊತ್ತಾಗಿದೆ ಅಂದ್ಕೊಂಡಿದ್ದೆ," ಅಂದ ಅವನು. "ಒಪ್ಪಿದೀರಿ ಅಂದ್ಕೊಂಡಿದ್ದೆ."

ಟೀಚರಿಗೆ ಕಿವಿಯ ತುದಿಯವರೆಗೆ ಬಿಸಿಯಾಯಿತು. ಸುಳ್ಳು ಹೇಳಿ ಪಾರಾಗಬಹುದಿತ್ತು. ಅವಳಿಗೆ ಅದು ಬರುವುದಿಲ್ಲ. ನಾನಿದನ್ನು ಓದಿಯೇ ಇರಲಿಲ್ಲ, ಜೋಡಿ ಸರಿಯಾಗಿದೆಯೋ ಇಲ್ಲವೋ ಅಷ್ಟನ್ನೇ ನೋಡುವುದು, ಮೂವತ್ತೆರಡು ಪುಸ್ತಕ ಇರುತ್ತವೆ ಎಂದು ತಡವರಿಸುತ್ತ ಹೇಳಿದಳು.

"ಹನ್ನೊಂದು ವಾರಾನೂ?"

ಅವಳು ಹೌದೆಂದು ತಲೆಯಾಡಿಸಿದಳು.

ಇಷ್ಟವಿಲ್ಲ ಅಂದಿದ್ದರೆ ಬಹುಶಃ ಅವನು ತಡೆದುಕೊಳ್ಳುತ್ತಿದ್ದ. ಬೇಡ ಅನ್ನಿಸಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹನ್ನೊಂದು ವಾರ ಎದೆ ಬಿಚ್ಚಿ ಬರೆದು, ಪ್ರತಿ ವಾರವೂ ಶಹಬ್ಬಾಸ್ ಅನ್ನಿಸಿಕೊಂಡು, ಕೊನೆಗೆ ಓದೇ ಇಲ್ಲ ಅನ್ನಿಸಿಕೊಂಡವನು ಇವನೊಬ್ಬನೇ ಇದ್ದಾನು. ಅವನು ಕೋಣೆಯೊಳಗೇ ಹೆಲ್ಮೆಟ್ಟು ಹಾಕಿಕೊಂಡ.

"ಗುರುವಾರ ಪರೀಕ್ಷೇಲಿ ಸಿಗ್ತೀನಿ," ಅಂದು ಹೊರಟುಹೋದ. ನೋಟ್‌ಬುಕ್ಕು ಅವಳ ಕೈಯಲ್ಲೇ ಉಳಿಯಿತು.

ಆ ಗುರುವಾರ ಎಂತಹ ಗುರುವಾರ ಎಂಬುದು ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಡಗಿನಿಂದ ಕಂಟೇನರ್ ಎತ್ತಿ ಇಳಿಸುವ ಕ್ರೇನುಗಳಿಗೆ ಹೊಸ ರೇಡಿಯೋ ಬಂದಿತ್ತು. ಇನ್ನು ಮುಂದೆ ಆಪರೇಟರುಗಳು ಪರದೇಶದ ಹಡಗಿನವರ ಜೊತೆ ನೇರವಾಗಿ ಇಂಗ್ಲಿಷಿನಲ್ಲಿ ಮಾತಾಡಬೇಕು. ಮೌಖಿಕ ಪರೀಕ್ಷೆಯಲ್ಲಿ ಪಾಸಾದವರಿಗೆ ಕ್ರೇನಿನ ಮೇಲಿನ ಕ್ಯಾಬಿನ್ನು. ಆಗದವರು ಶಾಶ್ವತವಾಗಿ ಕೆಳಗೆ, ಕಂಟೇನರುಗಳಿಗೆ ಸರಳು ಬಿಗಿಯುವ ಗ್ಯಾಂಗಿಗೆ. ಐದನೇ ನಂಬರಿನವನು ಹನ್ನೆರಡು ವರ್ಷ ಆ ಗಾಜಿನ ಕ್ಯಾಬಿನ್ನಿನಲ್ಲಿ ಕೂತವನು. ಅವನಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ, ಮತ್ತು ಅದು ಅವನಿಗೆ ಬಂದ ಹಾಗೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಪರೀಕ್ಷೆ ಮಾಡುವವರು ಇಬ್ಬರು. ಒಬ್ಬರು ಆಪರೇಷನ್ಸ್ ಆಫೀಸರು, ನಿಮಿಷದ ಲೆಕ್ಕ ಕೇಳುವ ಚಾಳಿಗೆ ಜನ ಇಟ್ಟ ಹೆಸರು ಸ್ಟಾಪ್‌ವಾಚ್ ಸಾಹೇಬರು. ಇನ್ನೊಬ್ಬಳು ಟೀಚರ್.

ಅವಳಿಗೂ ಒಂದು ಹೆಸರು ಬಿದ್ದಿತ್ತು, ಜೋಡಿ ಟೀಚರ್. ಮೂವತ್ತಮೂರಾದರೂ ಒಂಟಿಯಾಗಿದ್ದವಳಿಗೆ ಅಂಥ ಹೆಸರು ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಮೊದಲ ದಿನವೇ ಅವಳು ಡಿಕ್ಷನರಿಗಳನ್ನೆಲ್ಲ ಮುಚ್ಚಿಸಿದ್ದಳು. ಪದ ಒಂದೊಂದಾಗಿ ಕಲಿತರೆ ನಾಲಿಗೆಗೆ ಬರುವುದಿಲ್ಲ, ಜೊತೆಯಲ್ಲಿ ಕಲಿಯಬೇಕು ಅಂದಿದ್ದಳು. "ನಮ್ಮ ಮಾತನ್ನೇ ನೋಡಿ. ಸ್ನಾನ ಮಾಡ್ತೀವಿ. ಕನಸು ಮಾಡಲ್ಲ, ಕಾಣ್ತೀವಿ. ಜಗಳ ಆಡ್ತೀವಿ, ಬುದ್ಧಿ ಹೇಳ್ತೀವಿ, ಮಾತು ಕೊಡ್ತೀವಿ. ಯಾಕೆ ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ. ಅವು ಹಾಗೇ ಕೂಡಿ ಬಾಳ್ತಿವೆ. ಇಂಗ್ಲಿಷಲ್ಲೂ ಅಷ್ಟೇ."

ಟೀ ಸ್ಟ್ರಾಂಗ್, ಗಾಳಿಯೂ ಸ್ಟ್ರಾಂಗ್, ಮಳೆ ಮಾತ್ರ ಹೆವಿ ಎಂದು ಅವಳು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ ಐದನೇ ನಂಬರಿನವನು ಕೈ ಎತ್ತಿದ್ದ. ಮಳೆ ಹೆವಿ ಅನ್ನೋದನ್ನು ಯಾರು ತೂಗಿ ನೋಡಿದವರು, ಬೇಕಿದ್ದರೆ ನಾನೊಂದು ಸಲ ಕ್ರೇನಿನಲ್ಲಿ ಎತ್ತಿ ಹೇಳುತ್ತೇನೆ ಅಂದಿದ್ದ. ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಟೀಚರ್ ಬೋರ್ಡಿನ ಕಡೆ ಮುಖ ತಿರುಗಿಸಿಕೊಂಡು ನಕ್ಕಿದ್ದಳು. ಅಂದಿನಿಂದ ಏನಾದರೂ ತಮಾಷೆ ಹೇಳಿದಾಗಲೆಲ್ಲ ಅವಳ ಕಣ್ಣು ತಾನೇ ತಾನಾಗಿ ಹಿಂದಿನ ಬೆಂಚಿಗೆ ಹೋಗಿ, ಅವನು ನಕ್ಕನೋ ಇಲ್ಲವೋ ನೋಡಿಕೊಂಡು ಬರುತ್ತಿತ್ತು. ಅದಕ್ಕೆ ಅವಳು ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಪ್ರತಿ ಜೋಡಿಗೂ ಒಂದು ವಾಕ್ಯ ಬರೆದು ತರಬೇಕೆಂಬುದು ಅವಳ ನಿಯಮ. ಉಳಿದವರು ಬಾಯಿಗೆ ಬಂದದ್ದು ಬರೆಯುತ್ತಿದ್ದರು. ಒಬ್ಬನ ಚಿಕ್ಕಪ್ಪನ ಹತ್ತಿರ ಆನೆ ಇತ್ತು, ಇನ್ನೊಬ್ಬ ವಾರಕ್ಕೊಂದು ಸಲ ರಾಜನ ಜೊತೆ ಊಟ ಮಾಡುತ್ತಿದ್ದ. ಐದನೇ ನಂಬರಿನವನಿಗೆ ಹಾಗೆ ಬರೆಯಲು ಕೈ ಬರಲಿಲ್ಲ. ಹನ್ನೆರಡು ವರ್ಷದಿಂದ ಅವನು ಬರೆದದ್ದು ಒಂದೇ ಪುಸ್ತಕ, ಕ್ರೇನಿನ ಲಾಗ್‌ಬುಕ್. ಅದರಲ್ಲಿ ಕಣ್ಣಾರೆ ಕಂಡದ್ದನ್ನು ಗಂಟೆ ನಿಮಿಷದ ಸಮೇತ ಬರೆಯಬೇಕು. ಬರೆದ ಪುಟ ಹರಿಯುವ ಹಾಗಿಲ್ಲ. ಪೆನ್ನು ಹಿಡಿದರೆ ನಿಜವನ್ನೇ ಬರೆಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಟೀಚರಮ್ಮ ಆ ಗಂಟೆ ನಿಮಿಷಗಳನ್ನು ನೋಡಿ, ಪಾಪ, ಟೈಮ್ ಹೇಳುವುದನ್ನೂ ಪ್ರಾಕ್ಟೀಸ್ ಮಾಡುತ್ತಿದ್ದಾನೆ ಎಂದು ಮೆಚ್ಚಿಕೊಂಡಿದ್ದಳು.

ಆ ಸಂಜೆ ಮನೆಗೆ ಬಂದವಳು ಕಾಲು ತೊಳೆದವಳೇ ಕೋಣೆ ಸೇರಿದಳು. ಅತ್ತಿಗೆ ಬಾಗಿಲಿಗೆ ಬಂದು, ಏನಮ್ಮ, ಮುಖ ಯಾಕೆ ಹೀಗಿದೆ, ಯಾರಾದರೂ ಫೇಲಾದರಾ ಎಂದು ಕೇಳಿದಳು. ನಾನೇ ಫೇಲಾದೆ ಅತ್ತಿಗೆ, ಅಂದಳು. ಅತ್ತಿಗೆ ಅದನ್ನು ತಮಾಷೆ ಎಂದುಕೊಂಡು ಅಡುಗೆಮನೆಗೆ ಹೋದಳು.

ಅವನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದಳು. ಈ ಸಲ ಎಡಗಡೆಯ ಪುಟ ಕಣ್ಣಿಗೇ ಬೀಳಲಿಲ್ಲ.

ಗೆಟ್ ಆಫ್ ಎ ಬಸ್: ನಾಲ್ಕು ನಲವತ್ತು. ಅವಳು ಬಸ್ಸಿನಿಂದ ಇಳಿದಳು. ಮೇಲಿನಿಂದ ಎಲ್ಲರ ತಲೆಯೂ ಒಂದೇ ತರಹ ಕಾಣುತ್ತದೆ. ಅವಳನ್ನು ನಡಿಗೆಯಿಂದ ಗುರುತಿಸುತ್ತೇನೆ.

ಪೇ ಅಟೆನ್ಷನ್: ಐದು ಹದಿನೈದು. ಅವಳು ಸೀಮೆಸುಣ್ಣ ಹಿಡಿದ ಕೈಯಿಂದಲೇ ಕೂದಲು ಸರಿಮಾಡಿಕೊಂಡಳು. ಕಿವಿಯ ಹತ್ತಿರ ಬೆಳ್ಳಗಾಯಿತು. ಗಮನ ಕೊಟ್ಟವರು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಚೆನ್ನಾಗಿತ್ತು.

ಅದರ ಕೆಳಗೂ ಒಂದು ಟಿಕ್ಕು. ಎಕ್ಸಲೆಂಟ್ ಎಂದು ಬೇರೆ ಬರೆದಿದ್ದಳು. ಟೀಚರಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮೂವತ್ತಮೂರು ವರ್ಷದಲ್ಲಿ ತನ್ನನ್ನು ಹೀಗೆ ಯಾರೂ ನೋಡಿರಲಿಲ್ಲ ಎಂದು ಅನ್ನಿಸಿ ಎದೆ ಭಾರವಾಯಿತು. ಅವನು ಇಷ್ಟು ನೋಡುತ್ತಿದ್ದಾಗ ತಾನು ಏನು ನೋಡುತ್ತಿದ್ದೆ? ಜೋಡಿ ಸರಿಯಿದೆಯೋ ಇಲ್ಲವೋ.

ಏಳನೇ ವಾರದ ಪುಟಕ್ಕೆ ಬಂದಾಗ ಅವಳ ಕೈ ನಿಂತಿತು.

ಸ್ಟ್ರಾಂಗ್ ವಿಂಡ್: ಮೂರು ಐವತ್ತೆರಡು. ಅವಳು ಯಾರೂ ದಾಟಬಾರದ ಹಳದಿ ಗೆರೆ ದಾಟಿ ಬಂದು ಕಂಟೇನರುಗಳ ಸಂದಿಯಲ್ಲಿ ಕೂತು ಅಳುತ್ತಿದ್ದಳು. ಅವಳ ತಲೆಯ ಮೇಲೆ ಲೋಡು ಒಯ್ಯಲು ನನಗೆ ಆಗಲಿಲ್ಲ. ಮೈಕಿನಲ್ಲಿ ಕೂಗಿದ್ದರೆ ಎಲ್ಲರೂ ನೋಡುತ್ತಿದ್ದರು. ಜೋರು ಗಾಳಿ ಇದೆ ಎಂದು ಕಂಟ್ರೋಲ್ ರೂಮಿಗೆ ಹೇಳಿ ನಾಲ್ಕು ನಿಮಿಷ ನಿಲ್ಲಿಸಿದೆ. ಗಾಳಿ ಇರಲಿಲ್ಲ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅಮ್ಮ ಹೋಗಿ ಇಪ್ಪತ್ತು ದಿನ. ಮನೆಯಲ್ಲಿ ಅಣ್ಣ ಅತ್ತರೆ ಅವಳು ಸಮಾಧಾನ ಮಾಡಬೇಕಿತ್ತು, ಅತ್ತಿಗೆ ಅತ್ತರೆ ಟೀ ಮಾಡಿಕೊಡಬೇಕಿತ್ತು. ತಾನು ಅಳಲು ಜಾಗ ಸಿಗದೆ ಕ್ಲಾಸಿಗೆ ಒಂದು ಗಂಟೆ ಮುಂಚೆಯೇ ಬಂದು, ಯಾರ ಕಣ್ಣಿಗೂ ಬೀಳದ ಮೂಲೆ ಎಂದು ಆ ಸಂದಿ ಹುಡುಕಿಕೊಂಡಿದ್ದಳು. ಬಂದರಿನ ಗದ್ದಲವೆಲ್ಲ ಒಮ್ಮೆಲೇ ನಿಂತಂತಾದದ್ದು ನೆನಪಾಯಿತು. ದೇವರೇ ಸ್ವಲ್ಪ ಹೊತ್ತು ಸುಮ್ಮನಾದ ಅಂದುಕೊಂಡಿದ್ದಳು.

ಆಮೇಲೆ ಹೆದರಿಕೆ ಶುರುವಾಯಿತು. ನೋಟ್‌ಬುಕ್ಕುಗಳೆಲ್ಲ ಬುಧವಾರ ಸಂಜೆ ಸ್ಟಾಪ್‌ವಾಚ್ ಸಾಹೇಬರ ಮೇಜಿಗೆ ಹೋಗಬೇಕು. ಅವರು ಅದರಿಂದಲೇ ಒಂದು ವಾಕ್ಯ ಆರಿಸಿ ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕಂಟ್ರೋಲಿಗೆ ಸುಳ್ಳು ಗಾಳಿ ಹೇಳುವುದೆಂದರೆ ಬಂದರಿನಲ್ಲಿ ಸಣ್ಣ ಅಪರಾಧವಲ್ಲ. ಅವನು ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಲಿ, ಆ ಪುಟವೊಂದು ಸಾಹೇಬರ ಕಣ್ಣಿಗೆ ಬಿದ್ದರೆ ಕ್ಯಾಬಿನ್ನು ಕೈತಪ್ಪಿತು.

ಮಂಗಳವಾರ ಹಿಂದಿನ ಬೆಂಚು ಖಾಲಿಯಿತ್ತು. ಅವಳು ಪಾಠ ಮಾಡಿದಳು, ಏನು ಮಾಡಿದೆನೆಂದು ಆಮೇಲೆ ನೆನಪಿರಲಿಲ್ಲ. ಬುಧವಾರ ಮಧ್ಯಾಹ್ನ ಶಿಫ್ಟು ಬದಲಾಗುವ ಹೊತ್ತಿಗೆ ಹೋಗಿ ಐದನೇ ಕ್ರೇನಿನ ಲಿಫ್ಟಿನ ಎದುರು ನಿಂತಳು. ಈ ಸಲ ಹಳದಿ ಗೆರೆಯ ಈಚೆ.

ಲಿಫ್ಟಿನ ಕಡೆ ಬಂದವನು ಅವಳನ್ನು ನೋಡಿ ಒಂದು ಕ್ಷಣ ಹಾಗೇ ನಿಂತ. ಎರಡು ದಿನದಲ್ಲಿ ಗಡ್ಡ ಬಂದಿತ್ತು. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ.

"ಏಳನೇ ವಾರದ ಪುಟ ಹರಿದುಬಿಡಿ. ಬೇರೆ ಬರ್ಕೊಡಿ, ನಾನು ಸಂಜೆವರೆಗೂ ಕಾಯ್ತೀನಿ."

"ಲಾಗ್‌ಬುಕ್ ಪುಟ ಹರಿಯೋ ಹಾಗಿಲ್ಲ."

"ಇದು ಲಾಗ್‌ಬುಕ್ ಅಲ್ಲ."

"ನಿಮಗಲ್ಲ."

ಆ ಮಾತು ಅವಳಿಗೆ ನಾಟಿತು. ಹಟ ಮಾಡಬೇಡಿ, ಹನ್ನೆರಡು ವರ್ಷದ ಕ್ಯಾಬಿನ್ನು ಹೋಗುತ್ತದೆ ಎಂದು ಅಂಗಲಾಚಿದಳು. ಅವನು ಅವಳ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿದ, ಆಮೇಲೆ ಅವಳನ್ನು. ನಿದ್ದೆಗೆಟ್ಟ ಅವಳ ಕಣ್ಣನ್ನು ಅವನು ಗಮನಿಸಿದ್ದು ಅವಳಿಗೆ ತಿಳಿಯಿತು. ಏನನ್ನೂ ಬಿಡದೆ ಗಮನಿಸುವವನು ಎಂದು ಈಗ ಅವಳಿಗೆ ಗೊತ್ತಿತ್ತಲ್ಲ.

"ಓದಿದ್ರಾ?"

"ಓದಿದೆ."

"ಎಲ್ಲಾನೂ?"

"ಎರಡು ಸಲ."

ಅವನು ಕಾದ. ಅವಳ ಗಂಟಲಿನವರೆಗೆ ಮಾತು ಬಂದಿತ್ತು. ನಾಳೆ ಇವನಿಗೆ ಮಾರ್ಕ್ಸ್ ಹಾಕಬೇಕಾದ ಕೈ ತನ್ನದು, ಇವತ್ತು ಬಾಯಿ ಬಿಟ್ಟರೆ ಅವನು ಪಾಸಾದರೂ ಆ ಪಾಸಿಗೆ ಬೆಲೆಯಿಲ್ಲ, ಅವನಿಗೇ ಅದರ ಮೇಲೆ ನಂಬಿಕೆ ಇರುವುದಿಲ್ಲ. ಅವಳು ತುಟಿ ಕಚ್ಚಿಕೊಂಡಳು. ನಾಳೆ ಕಳೆಯಲಿ ಎಂದಷ್ಟೇ ಹೇಳಿದಳು. ಅವನಿಗೆ ಅದು ಬೇಡ ಅಂದ ಹಾಗೆ ಕೇಳಿಸಿತು ಅಂತ ಕಾಣುತ್ತದೆ. ಸೈರನ್ ಕೂಗಿತು. ಅವನು ಲಿಫ್ಟಿನೊಳಗೆ ಹೋಗಿ, ಜಾಲರಿ ಎಳೆದುಕೊಂಡು, ಮೇಲಕ್ಕೆ ಹೋಗುತ್ತ ಹೋಗುತ್ತ ಚಿಕ್ಕವನಾದ.

ಸಂಜೆ ಅವಳು ಮೂವತ್ತೆರಡು ನೋಟ್‌ಬುಕ್ಕುಗಳನ್ನೂ ಸಾಹೇಬರ ಮೇಜಿನ ಮೇಲಿಟ್ಟಳು. ಅವನದನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಳು. ಪುಟ ಹಾಗೇ ಇತ್ತು. ಹರಿಯಬೇಡ ಅಂದವನ ಪುಟ ಹರಿಯಲು ಅವಳಿಗೆ ಮನಸ್ಸು ಬರಲಿಲ್ಲ.

ಗುರುವಾರ ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬಂದು ಹೋದರು. ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲ. ಆನೆ ಸಾಕಿದ ಚಿಕ್ಕಪ್ಪನ ವಿಚಾರಣೆಯಾಯಿತು. ಹತ್ತೊಂಬತ್ತನೆಯವನಾಗಿ ಅವನು ಬಂದ. ಗಡ್ಡ ಬೋಳಿಸಿದ್ದ. ಅವಳ ಕಡೆ ನೋಡಲಿಲ್ಲ.

ಸಾಹೇಬರು ನೋಟ್‌ಬುಕ್ಕು ತಿರುವಿದರು. ಒಂದು ಪುಟದಲ್ಲಿ ನಿಂತರು. ಕನ್ನಡಕ ಮೇಲೆ ಮಾಡಿ ಮತ್ತೆ ಓದಿದರು. ಟೀಚರ್ ಮೇಜಿನ ಕೆಳಗೆ ಬೆರಳುಗಳನ್ನು ಹೆಣೆದುಕೊಂಡಳು.

ಇದು ಪ್ರಾಕ್ಟೀಸಿಗೆ ಬರೆದದ್ದೋ ನಿಜವೋ ಎಂದು ಸಾಹೇಬರು ಕೇಳಿದರು. ಪ್ರಾಕ್ಟೀಸು ಅಂದುಬಿಡು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಪದ ಸಾಕಿತ್ತು.

ನಿಜ, ಅಂದ ಅವನು. ಆಮೇಲೆ ಮಾತಾಡಿದ. ಹನ್ನೊಂದು ವಾರದಲ್ಲಿ ಅವನು ಅಷ್ಟು ಇಂಗ್ಲಿಷ್ ಒಟ್ಟಿಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಆ ದಿನ ಗಾಳಿ ಇರಲಿಲ್ಲ, ನಾನು ಸುಳ್ಳು ಹೇಳಿದೆ, ಯಾರಿಗೂ ತೊಂದರೆಯಾಗಲಿಲ್ಲ, ಆದರೂ ತಪ್ಪು ನನ್ನದೇ, ಅದರ ಹೊಣೆ ಹೊರುತ್ತೇನೆ. ಪದಗಳು ಒಂದರ ಕೈ ಒಂದು ಹಿಡಿದುಕೊಂಡು, ಎಲ್ಲೂ ಎಡವದೆ ಬಂದವು. ಬೇರೆ ಯಾವ ದಿನವಾಗಿದ್ದರೂ ಟೀಚರ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

ಕೆಳಗೆ ಕೂತಿದ್ದ ಆ ಹೆಂಗಸು ಯಾರು ಎಂದು ಸಾಹೇಬರು ಕೇಳಿದರು.

ಅವನು ಗೋಡೆಯ ಗಡಿಯಾರದ ಕಡೆ ಮುಖ ತಿರುಗಿಸಿದ.

ಲೋಡಿನ ದಾರಿಯಲ್ಲಿ ಗೆರೆ ದಾಟಿ ಬಂದವರ ಬಂದರಿನ ಗೇಟ್‌ಪಾಸು ಅಂದೇ ರದ್ದಾಗಬೇಕು, ಹೆಸರು ಹೇಳಿ ಎಂದು ಒತ್ತಾಯಿಸಿದರು. ಹೇಳುವುದಿಲ್ಲ, ಅಂದ. ಉತ್ತರ ಕೊಡದಿದ್ದರೆ ಪರೀಕ್ಷೆ ಇಲ್ಲಿಗೇ ಮುಗಿಯಿತು, ಫೇಲು ಎಂದೇ ಬರೆಯುತ್ತೇನೆ, ಗೊತ್ತಿದೆಯೇ ಎಂದರು. ಗೊತ್ತಿದೆ ಅಂದ. ಆಗಲೂ ಅವಳ ಕಡೆ ನೋಡಲಿಲ್ಲ. ನೋಡಿದರೆ ಗುಟ್ಟು ಬಯಲಾದೀತೆಂದು ಗೋಡೆಯ ಗಡಿಯಾರವನ್ನೇ ನೋಡುತ್ತ ಕೂತಿದ್ದ. 

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ನಾನು," ಅಂದಳು ಟೀಚರ್.

ಆ ಕೋಣೆಯಲ್ಲಿ ಆಡಬಾರದ ಭಾಷೆಯಲ್ಲೇ ಅಂದಿದ್ದಳು. ಸಾಹೇಬರು ಪೆನ್ನನ್ನು ಗಾಳಿಯಲ್ಲೇ ಹಿಡಿದು ಅವಳ ಕಡೆ ತಿರುಗಿದರು.

"ಅಲ್ಲಿ ಕೂತಿದ್ದೋಳು ನಾನು ಸರ್. ನಮ್ಮಮ್ಮ ತೀರಿಕೊಂಡಿದ್ರು, ಅಳ್ಬೇಕಿತ್ತು, ಗೆರೆ ನೋಡ್ಲಿಲ್ಲ. ಇವರಿಗೆ ನಾನು ಮಾರ್ಕ್ಸ್ ಹಾಕೋಕಾಗಲ್ಲ. ನೀವೇ ಹಾಕಿ."

"ಅಮ್ಮ ಹೋಗಿದ್ದಕ್ಕೂ ಮಾರ್ಕ್ಸಿಗೂ ಏನು ಸಂಬಂಧ?" ಸಾಹೇಬರೂ ತಮ್ಮ ನಿಯಮ ಮರೆತಿದ್ದರು.

"ಅದಕ್ಕಲ್ಲ ಸರ್. ಇವರು ಪಾಸಾಗ್ಲಿ ಅಂತ ನನಗೆ ತುಂಬಾ ಆಸೆ ಇದೆ. ಟೀಚರಿಗೆ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ."

ಅವನು ಗಡಿಯಾರ ಬಿಟ್ಟು ಅವಳನ್ನು ನೋಡಿದ. ನಿನ್ನೆಯಷ್ಟೇ ನೋಡಿದವನ ಹಾಗಲ್ಲ, ಮೊದಲನೇ ಸಲ ನೋಡಿದವನ ಹಾಗೆ. ಅವಳು ಕಣ್ಣು ತಗ್ಗಿಸಲಿಲ್ಲ. ಸಾಹೇಬರು ಇಬ್ಬರನ್ನೂ ಒಂದೊಂದು ಸಲ ನೋಡಿ, ಗಂಟಲು ಸರಿಮಾಡಿಕೊಂಡು, ನೀವು ಹೊರಗೆ ಹೋಗಿ ಎಂದು ಟೀಚರಿಗೆ ಹೇಳಿದರು.

ಬಂದರಿನ ಗೇಟಿನಲ್ಲಿ ಅವಳು ಕತ್ತಿನ ಗೇಟ್‌ಪಾಸು ಬಿಚ್ಚಿ ಕಾವಲುಗಾರನಿಗೆ ಕೊಟ್ಟಳು. ಹೊರಗಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಳು. ಎರಡು ಬಸ್ಸು ಹೋದವು. ಅವನ ಕ್ಯಾಬಿನ್ನು ಏನಾಯಿತೋ ಗೊತ್ತಾಗದೆ ಅವಳು ಎಲ್ಲಿಗೆ ಹೋದಾಳು?  ತನ್ನ ಮಾತಿನಿಂದ ಅವನಿಗೆ ಇನ್ನೂ ಕೇಡಾಯಿತೇನೋ ಎಂದೂ ಅನ್ನಿಸಿತು.

ಮುಕ್ಕಾಲು ಗಂಟೆ ಬಿಟ್ಟು ಅವನು ಬಂದ. ಬೆಂಚಿನ ಆ ತುದಿಯಲ್ಲಿ ಕೂತ. ಇಬ್ಬರ ನಡುವೆ ಮೂರನೆಯವರು ಆರಾಮವಾಗಿ ಕೂರುವಷ್ಟು ಜಾಗವಿತ್ತು.

ಇಂಗ್ಲಿಷ್ ಪಾಸು, ಅಂದ. ಗಾಳಿಯ ವಿಷಯಕ್ಕೆ ಒಂದು ತಿಂಗಳು ಸರಳಿನ ಗ್ಯಾಂಗು, ಆಮೇಲೆ ಮತ್ತೆ ಐದನೇ ನಂಬರು. ತನ್ನ ಸುಳ್ಳನ್ನು ತಾನೇ ಬರೆದಿಟ್ಟವನನ್ನು ನನ್ನ ಸರ್ವಿಸಿನಲ್ಲಿ ನೋಡಿರಲಿಲ್ಲ ಎಂದು ಸಾಹೇಬರು ಅಂದರಂತೆ. ಟೀಚರ್ ಇಡೀ ದಿನ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ನಾನು ಹೇಳ್ತಿರ್ಲಿಲ್ಲ," ಅಂದ ಅವನು. "ಏನೇ ಆಗಿದ್ರೂ ನಿಮ್ಮ ಹೆಸರು ಹೇಳ್ತಿರ್ಲಿಲ್ಲ."

"ಗೊತ್ತಿತ್ತು. ಅದಕ್ಕೇ ನಾನು ಹೇಳಿದೆ."

"ನಿಮ್ಮ ಕೆಲಸ ಹೋಯ್ತಲ್ಲ."

"ಇಂಗ್ಲಿಷ್ ಬೇಕಾದವರಿಗೇನು ಬರ ಬಂದಿಲ್ಲ ಬಿಡಿ. ಇನ್ನೊಂದು ಕಡೆ ಬೋರ್ಡು ಸಿಗುತ್ತೆ."

ಅವನು ನಗಲು ಹೋಗಿ ನಿಲ್ಲಿಸಿಕೊಂಡ. ಇನ್ನೂ ಹೆದರುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಒಂದು ಸಲ ತಪ್ಪು ತಿಳಿದು ಪೆಟ್ಟು ತಿಂದವನು, ಎರಡನೇ ಸಲ ತಾನಾಗಿ ಏನನ್ನೂ ತಿಳಿದುಕೊಳ್ಳುವವನಲ್ಲ. ಅವಳು ಎದ್ದು, ನಡುವೆ ಜಾಗ ಬಿಡದೆ, ಅವನ ಪಕ್ಕದಲ್ಲೇ ಹೋಗಿ ಕೂತಳು.

"ಈಗ ನಾನು ನಿಮ್ಮ ಟೀಚರ್ ಅಲ್ಲ. ಮಾರ್ಕ್ಸ್ ಹಾಕೋಳೂ ಅಲ್ಲ. ಅದಕ್ಕೇ ನೇರವಾಗಿ ಹೇಳ್ತೀನಿ. ನಂಗೆ ನೀವು ಅಂದ್ರೆ ಇಷ್ಟ. ಪುಸ್ತಕ ಓದಿ ಇಷ್ಟ ಆಗಿದ್ದಲ್ಲ, ಅದಕ್ಕೂ ಮುಂಚೆನೇ ಆಗಿತ್ತು. ಓದಿದ್ಮೇಲೆ ಗೊತ್ತಾಯ್ತು."

 ಗಟ್ಟಿಯಾಗಿ ಮುಚ್ಚಿಕೊಂಡಿದ್ದ ಅವನ ಅಂಗೈ ಮೊಣಕಾಲಿನ ಮೇಲೆ ಮೆಲ್ಲಗೆ ತೆರೆದುಕೊಂಡಿತು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಹನ್ನೆರಡು ವರ್ಷ ಲಿವರ್ ಹಿಡಿದು ಜಡ್ಡುಗಟ್ಟಿದ ಕೈ, ಅವಳ ಕೈಯನ್ನು ಒಡೆದುಹೋಗುವ ಗಾಜಿನ ಸಾಮಾನಿನ ಹಾಗೆ ಹಿಡಿದುಕೊಂಡಿತು.

"ಪುಸ್ತಕ ಸಾಹೇಬರ ಹತ್ರಾನೇ ಉಳೀತು," ಅಂದ. "ವಾಪಸ್ ಕೊಡಲ್ಲ, ಫೈಲಿಗೆ ಹೋಗುತ್ತಂತೆ."

"ಹೋಗ್ಲಿ. ಇಂಗ್ಲಿಷಲ್ಲಿ ಬರೆದಿದ್ದನ್ನೆಲ್ಲ ನಮ್ಮ ಮಾತಲ್ಲಿ ಹೇಳಿ. ಮೊದಲನೇ ದಿನದಿಂದ."

"ತುಂಬಾ ಹೊತ್ತಾಗುತ್ತೆ."

"ಆಗ್ಲಿ. ಹನ್ನೊಂದು ವಾರ ನೀವು ಹೇಳ್ತಾನೇ ಇದ್ರಿ, ನಾನು ಕೇಳಿಸ್ಕೊಳ್ಲಿಲ್ಲ. ಇವತ್ತು ಕೇಳ್ತೀನಿ."

ಮೂರನೇ ಬಸ್ಸು ಬಂದು ಅವರ ಮುಂದೆ ನಿಂತಿತು, ಕಂಡಕ್ಟರು ಬರುತ್ತೀರಾ ಎಂಬಂತೆ ನೋಡಿದ, ಯಾರೂ ಏಳಲಿಲ್ಲ. ಬಸ್ಸಿನ ಸದ್ದು ದೂರವಾಗುವವರೆಗೆ ಅವನು ಕಾದ. ಆಮೇಲೆ ಹೇಳಲು ಶುರುಮಾಡಿದ. ಮೊದಮೊದಲು ಮಾತು ತಡೆದು ತಡೆದು ಬಂತು. ಅವಳು ಎಲ್ಲೂ ತಿದ್ದಲಿಲ್ಲ.